ಅರಿವಿಗೆ ಬಾರದ ಕಿಡಿ: ಸ್ಥಾಯಿ ವಿದ್ಯುತ್ತಿನ ಮೊದಲ ಪಾಠ

ಪೀಠಿಕೆ

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಗೊಂಡಿತು. ಆ ನಿಗಮದ ಮೊತ್ತಮೊದಲ ಕೈಗಾರಿಕಾ ವಸಾಹತು ಥಾಣೆಯ ವಾಗ್ಳೆ ಎಸ್ಟೇಟ್. ಡೊಂಬಿವಲಿ, ಅಂಬರನಾಥ ಮತ್ತು ಥಾಣೆ ಖಾರಿಯ ಆಚೆಗಿನ ನವಿ ಮುಂಬಯಿ ಪ್ರದೇಶಗಳಲ್ಲಿಯೂ ಇಂಥ ವಸಾಹತುಗಳು ತಲೆಯೆತ್ತಿದವು. ಕರ್ನಾಟಕದ ಕರಾವಳಿಯಿಂದಲೂ ಉತ್ತರದ ಜಿಲ್ಲೆಗಳಿಂದಲೂ ಹೊಟ್ಟೆಪಾಡಿಗಾಗಿ ಬಂದು ಈ ಭಾಗದಲ್ಲಿ ನೆಲೆಸಿದ ಕನ್ನಡಿಗರು ಅನೇಕರು. ಯಂತ್ರದ ಬಿಡಿಭಾಗ, ಬಣ್ಣ, ಮುದ್ರಣ, ಪ್ಲಾಸ್ಟಿಕ್, ಔಷಧಿ ಹಾಗೂ ರಾಸಾಯನಿಕಗಳ ತಯಾರಿಕೆಯಲ್ಲಿ ಇಂಥ ಕುಟುಂಬಗಳ ಎರಡು ಮೂರು ತಲೆಮಾರುಗಳು ದುಡಿದಿವೆ.

ಕಾರ್ಖಾನೆಯಲ್ಲಿ ಅಪಾಯಗಳು ಹಲವು. ತಿರುಗುವ ಚಕ್ರ, ಕಾದ ಕುಲುಮೆ, ತೆರೆದ ವಿದ್ಯುತ್ ತಂತಿ ಮುಂತಾದವು ಕಣ್ಣಿಗೆ ಕಾಣುತ್ತವೆ. ಆದ್ದರಿಂದ ಮನುಷ್ಯನು ಸಹಜವಾಗಿಯೇ ಅವುಗಳಿಂದ ದೂರ ನಿಲ್ಲುತ್ತಾನೆ. ಆದರೆ ತಂತಿಯೂ ಇಲ್ಲದ, ಗುಂಡಿಯೂ ಇಲ್ಲದ ಕಡೆ ತಾನಾಗಿಯೇ ಹುಟ್ಟುವ ವಿದ್ಯುತ್ತೊಂದುಂಟು. ಮೇನ್ ಸ್ವಿಚ್ಚನ್ನು ಆರಿಸಿದರೂ ಅದು ಹೋಗುವುದಿಲ್ಲ. ದೀಪದ ಟೆಸ್ಟರನ್ನು ಮುಟ್ಟಿಸಿ ಅದನ್ನು ನೆಚ್ಚಿಕೆಯಿಂದ ಪತ್ತೆಹಚ್ಚಲೂ ಆಗದು. ಅದರ ಹೆಸರು ಸ್ಥಾಯಿ ವಿದ್ಯುತ್ತು. ಕಾರ್ಖಾನೆಯ ಮಾತಿನಲ್ಲಿ ‘ಸ್ಟ್ಯಾಟಿಕ್’. ಶಾಲೆಯಲ್ಲಿ ಬಾಚಣಿಗೆ ಹಾಗೂ ಕಾಗದದ ಚೂರುಗಳ ಆಟವಾಗಿ ಕಲಿತು ಮರೆತ ಈ ಪಾಠವು ಥಿನ್ನರ್ ಡ್ರಮ್ಮಿನ ಮುಂದೆ ನಿಂತವನಿಗೆ ಜೀವರಕ್ಷಣೆಯ ಪಾಠವಾಗುತ್ತದೆ. ಅದನ್ನು ಮೊದಲಿನಿಂದ ತಿಳಿದುಕೊಳ್ಳೋಣ.

ಎರಡು ಬಗೆಯ ಆವೇಶ

ಉಜ್ಜಿದ ಅಂಬರು ಹಗುರವಾದ ವಸ್ತುಗಳನ್ನು ಸೆಳೆಯುತ್ತದೆಂಬುದು ಪ್ರಾಚೀನ ಗ್ರೀಕರಿಗೂ ತಿಳಿದಿತ್ತು. 1733ರಲ್ಲಿ ಫ್ರಾನ್ಸಿನ ದ್ಯು ಫೇ ಎಂಬ ವಿಜ್ಞಾನಿಯು ಈ ಗುಣದಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿದನು. ರೇಷ್ಮೆಯಿಂದ ಉಜ್ಜಿದ ಎರಡು ಗಾಜಿನ ಕಡ್ಡಿಗಳು ಪರಸ್ಪರ ದೂರ ಸರಿಯುತ್ತವೆ. ಉಣ್ಣೆಯಿಂದ ಉಜ್ಜಿದ ಎರಡು ಎಬೊನೈಟ್ ಕಡ್ಡಿಗಳೂ ಹಾಗೆಯೇ ಸರಿಯುತ್ತವೆ. ಆದರೆ ಗಾಜಿನ ಕಡ್ಡಿಯನ್ನು ಎಬೊನೈಟ್ ಕಡ್ಡಿಯ ಬಳಿ ತಂದರೆ ಅವು ಒಂದನ್ನೊಂದು ಸೆಳೆಯುತ್ತವೆ. ಇದರಿಂದ ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ ಎಂಬ ನಿಯಮ ದೊರಕಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು ಗಾಜಿನ ಮೇಲಿನದನ್ನು ಧನವೆಂದೂ ಇನ್ನೊಂದನ್ನು ಋಣವೆಂದೂ ಕರೆದನು. ಆ ಹೆಸರುಗಳೇ ಇಂದಿಗೂ ಬಳಕೆಯಲ್ಲಿವೆ.

ಉಜ್ಜುವುದರಿಂದ ವಿದ್ಯುತ್ತು ಹೊಸದಾಗಿ ಸೃಷ್ಟಿಯಾಗುವುದೇ? ಇಲ್ಲ. ಪ್ರತಿಯೊಂದು ಪರಮಾಣುವಿನ ನಡುವೆ ಧನ ಆವೇಶದ ಪ್ರೋಟಾನುಗಳಿವೆ. ಅವುಗಳ ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳಿವೆ. ಎರಡೂ ಸಮವಾಗಿರುವಾಗ ವಸ್ತುವು ತಟಸ್ಥವಾಗಿರುತ್ತದೆ. ಎರಡು ಭಿನ್ನ ವಸ್ತುಗಳು ಒತ್ತಿ ಕೂಡಿ ಮತ್ತೆ ಬೇರ್ಪಟ್ಟಾಗ ಒಂದರ ಮೇಲ್ಮೈಯಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ಸಾಗುವುದುಂಟು. ಪಡೆದದ್ದು ಋಣವಾಗುತ್ತದೆ, ಕಳೆದುಕೊಂಡದ್ದು ಅಷ್ಟೇ ಪ್ರಮಾಣದಲ್ಲಿ ಧನವಾಗುತ್ತದೆ. ಒಬ್ಬರ ಜೇಬಿನ ಹಣ ಇನ್ನೊಬ್ಬರ ಜೇಬಿಗೆ ಹೋದಂತೆ. ಒಟ್ಟು ಮೊತ್ತ ಬದಲಾಗುವುದಿಲ್ಲ. ಇದನ್ನೇ ಆವೇಶ ಸಂರಕ್ಷಣಾ ನಿಯಮ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆವೇಶ ಬೇರ್ಪಡಲು ಕೈಯಿಂದ ಉಜ್ಜಲೇಬೇಕೆಂದಿಲ್ಲ. ಪ್ಲಾಸ್ಟಿಕ್ ಹಾಳೆಯು ರೋಲಿನಿಂದ ಬಿಚ್ಚಿಕೊಳ್ಳುವಾಗ, ಪುಡಿಯು ಚೀಲದಿಂದ ಜಾರಿ ಬೀಳುವಾಗ, ದ್ರಾವಕವು ಕೊಳವೆಯ ಮೂಲಕ ಹರಿಯುವಾಗ, ರಬ್ಬರ್ ಅಟ್ಟೆಯ ಪಾದರಕ್ಷೆಯು ನೆಲದಿಂದ ಮೇಲೇಳುವಾಗ ನಡೆಯುವುದೂ ಅದೇ ಸ್ಪರ್ಶ ಮತ್ತು ವಿಯೋಗ. ಕಾರ್ಖಾನೆಯ ದಿನವೆಲ್ಲ ಈ ಕ್ರಿಯೆಯಿಂದ ತುಂಬಿದೆ.

ಬಲದ ಅಳತೆ

ಆವೇಶಗಳ ನಡುವಣ ಬಲವನ್ನು ಫ್ರಾನ್ಸಿನ ಇಂಜಿನಿಯರ್ ಕೂಲಂಬನು 1785ರಲ್ಲಿ ಅಳೆದನು. ತೆಳುವಾದ ತಂತಿಯೊಂದು ಎಷ್ಟು ತಿರುಚಿಕೊಳ್ಳುತ್ತದೆಂಬುದರಿಂದ ಅತ್ಯಲ್ಪ ಬಲವನ್ನು ತಿಳಿಯುವ ತಕ್ಕಡಿಯನ್ನು ಅವನು ಬಳಸಿದನು. ಅವನು ಕಂಡುಕೊಂಡ ನಿಯಮ ಹೀಗಿದೆ: ಎರಡು ಬಿಂದು ಆವೇಶಗಳ ನಡುವಣ ಬಲವು ಆ ಆವೇಶಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿಯೂ, ಅವುಗಳ ನಡುವಣ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.

ಆವೇಶದ ಏಕಮಾನಕ್ಕೆ ಕೂಲಂಬನ ಹೆಸರನ್ನೇ ಇಡಲಾಗಿದೆ. ಆವೇಶವನ್ನು ಕೂಲಂಬ್‌ನಲ್ಲಿ, ದೂರವನ್ನು ಮೀಟರಿನಲ್ಲಿ ಅಳೆದಾಗ ನಿಯಮದ ಸ್ಥಿರಾಂಕವು ಗಾಳಿಯಲ್ಲಿ ಸುಮಾರು 9 × 10⁹ ಆಗುತ್ತದೆ. ಅಂದರೆ:

ಬಲ (ನ್ಯೂಟನ್) = 9 × 10⁹ × ಮೊದಲ ಆವೇಶ × ಎರಡನೆಯ ಆವೇಶ ÷ (ದೂರ × ದೂರ)

ಒಂದು ಉದಾಹರಣೆಯನ್ನು ನೋಡೋಣ. ತಲಾ 1 ಮೈಕ್ರೋಕೂಲಂಬ್, ಎಂದರೆ ಕೂಲಂಬ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಆವೇಶವಿರುವ ಎರಡು ಸಣ್ಣ ಗುಂಡುಗಳು 30 ಸೆಂಟಿಮೀಟರ್ ಅಂತರದಲ್ಲಿರಲಿ. ಅವುಗಳ ನಡುವಣ ಬಲ 0.1 ನ್ಯೂಟನ್, ಇದು ಸುಮಾರು 10 ಗ್ರಾಂ ತೂಕಕ್ಕೆ ಸಮ. ಅಂತರವನ್ನು 60 ಸೆಂಟಿಮೀಟರಿಗೆ ಏರಿಸಿದರೆ ಬಲವು ಕಾಲುಭಾಗಕ್ಕೆ ಇಳಿಯುತ್ತದೆ. 15 ಸೆಂಟಿಮೀಟರಿಗೆ ಇಳಿಸಿದರೆ ನಾಲ್ಕು ಪಟ್ಟು ಹೆಚ್ಚುತ್ತದೆ. ದೂರದಲ್ಲಿ ಇಲ್ಲವೆಂಬಂತಿರುವ ಬಲ ಹತ್ತಿರ ಬಂದೊಡನೆ ಪ್ರಬಲವಾಗುವುದು ಈ ಕಾರಣದಿಂದ.

ಒಂದು ಎಲೆಕ್ಟ್ರಾನಿನ ಆವೇಶ ಸುಮಾರು 1.6 × 10⁻¹⁹ ಕೂಲಂಬ್. ಹೀಗಾಗಿ 1 ಮೈಕ್ರೋಕೂಲಂಬ್ ಕೂಡಿಸಲು ಸುಮಾರು 6 ಲಕ್ಷ ಕೋಟಿ ಎಲೆಕ್ಟ್ರಾನುಗಳು ಬೇಕು. ಈ ಸಂಖ್ಯೆ ದೊಡ್ಡದಾಗಿ ಕಂಡರೂ ಬೆರಳತುದಿಯಷ್ಟು ಲೋಹದಲ್ಲಿರುವ ಎಲೆಕ್ಟ್ರಾನುಗಳ ಎದುರು ಅದು ಸಮುದ್ರದ ಹನಿಗಿಂತಲೂ ಕಡಿಮೆ.

ವಾಹಕ, ಅವಾಹಕ ಮತ್ತು ಪ್ರೇರಣೆ

ತಾಮ್ರ, ಕಬ್ಬಿಣ, ಅಲ್ಯುಮಿನಿಯಮ್ ಮುಂತಾದ ಲೋಹಗಳಲ್ಲಿ ಎಲೆಕ್ಟ್ರಾನುಗಳು ಸುಲಭವಾಗಿ ಚಲಿಸುತ್ತವೆ. ಇವು ವಾಹಕಗಳು. ಮನುಷ್ಯನ ದೇಹವೂ ಈ ವಿಷಯದಲ್ಲಿ ವಾಹಕವೇ. ಪ್ಲಾಸ್ಟಿಕ್, ರಬ್ಬರ್, ಗಾಜು, ಒಣ ಬಟ್ಟೆ ಇವು ಅವಾಹಕಗಳು. ಇವುಗಳ ಮೇಲೆ ಕುಳಿತ ಆವೇಶ ಕುಳಿತಲ್ಲಿಯೇ ಉಳಿಯುತ್ತದೆ. ಟಾಲುಯೀನ್, ಕ್ಸೈಲೀನ್, ಹೆಕ್ಸೇನ್ ಮುಂತಾದ ದ್ರಾವಕಗಳೂ ಬಹುಮಟ್ಟಿಗೆ ಅವಾಹಕಗಳೇ ಆಗಿವೆ.

ವಾಹಕವನ್ನು ಅವಾಹಕದ ಮೇಲೆ ಇರಿಸಿದಾಗ ಏನಾಗುತ್ತದೆ? ಆವೇಶಕ್ಕೆ ಹೊರದಾರಿ ಇಲ್ಲ, ಆದರೆ ಒಳಗೆ ಓಡಾಡಲು ಅಡ್ಡಿಯಿಲ್ಲ. ಭೂಮಿಗೆ ಸೇರಿದ ಲೋಹವೊಂದು ಹತ್ತಿರ ಬಂದೊಡನೆ ಇಡೀ ಆವೇಶವು ಒಂದೇ ಕ್ಷಣದಲ್ಲಿ ಒಂದೇ ಬಿಂದುವಿನಿಂದ ಜಿಗಿಯುತ್ತದೆ. ರಬ್ಬರ್ ಚಾಪೆಯ ಮೇಲಿನ ಲೋಹದ ಡ್ರಮ್ಮು, ದಪ್ಪ ರಬ್ಬರ್ ಅಟ್ಟೆಯ ಮೇಲೆ ನಿಂತ ಕಾರ್ಮಿಕ, ಪ್ಲಾಸ್ಟಿಕ್ ಹಿಡಿಕೆಯಿಂದ ನಲ್ಲಿಗೆ ತೂಗುಬಿಟ್ಟ ಲೋಹದ ಬಕೆಟ್ಟು ಇವೆಲ್ಲ ಈ ಗುಂಪಿಗೆ ಸೇರಿದವು. ಸ್ಥಾಯಿ ವಿದ್ಯುತ್ತಿನ ಅಪಘಾತಗಳಲ್ಲಿ ಹೀಗೆ ಒಂಟಿಯಾಗಿ ಉಳಿದ ವಾಹಕವೇ ಮುಖ್ಯ ಪಾತ್ರಧಾರಿ.

ಆವೇಶಿತ ವಸ್ತುವು ತಟಸ್ಥ ವಸ್ತುವನ್ನೂ ಸೆಳೆಯುತ್ತದೆ. ಋಣ ಆವೇಶದ ಬಾಚಣಿಗೆಯನ್ನು ಕಾಗದದ ಚೂರಿನ ಬಳಿ ಹಿಡಿದಾಗ ಚೂರಿನೊಳಗಿನ ಋಣಭಾಗ ತುಸು ಹಿಂದೆ ಸರಿಯುತ್ತದೆ, ಧನಭಾಗ ತುಸು ಮುಂದೆ ಬರುತ್ತದೆ. ಮುಂದಿನದು ಹತ್ತಿರವಿರುವುದರಿಂದ ಕೂಲಂಬನ ನಿಯಮದಂತೆ ಆಕರ್ಷಣೆಯೇ ಗೆಲ್ಲುತ್ತದೆ. ಇದಕ್ಕೆ ಪ್ರೇರಣೆ ಎಂದು ಹೆಸರು. ಆವೇಶಿತ ಪ್ಲಾಸ್ಟಿಕ್ ರೋಲಿನ ಬಳಿ ನಿಂತ ಮನುಷ್ಯನು ಅದನ್ನು ಮುಟ್ಟದಿದ್ದರೂ ಪ್ರೇರಣೆಯಿಂದ ಅವನ ವಿಭವ ಏರಬಹುದು.

ಉಪಕಾರಿಯಾದ ಬಲ

ಈ ಬಲವನ್ನು ಶತ್ರುವೆಂದೇ ಬಗೆಯಬೇಕಾಗಿಲ್ಲ. ಲೋಹದ ಬಿಡಿಭಾಗಗಳಿಗೆ ಮಾಡುವ ಪೌಡರ್ ಕೋಟಿಂಗ್ ಕೂಲಂಬನ ನಿಯಮದ ನೇರ ಪ್ರಯೋಗ. ಗನ್ನಿನ ತುದಿಯಲ್ಲಿ ಸಾಮಾನ್ಯವಾಗಿ 60ರಿಂದ 100 ಕಿಲೋವೋಲ್ಟ್‌ವರೆಗಿನ ವಿಭವವಿದ್ದು, ಅಲ್ಲಿಂದ ಹೊರಡುವ ಬಣ್ಣದ ಪುಡಿಯ ಕಣಗಳು ಋಣ ಆವೇಶ ಪಡೆಯುತ್ತವೆ. ಭೂಮಿಗೆ ಸೇರಿದ ಜಾಬ್ ಅವುಗಳನ್ನು ಸೆಳೆಯುತ್ತದೆ. ಕಣಗಳು ಹಿಂಭಾಗಕ್ಕೂ ಬಳಸಿ ಹೋಗಿ ಅಂಟುತ್ತವೆ. ಪುಡಿ ವ್ಯರ್ಥವಾಗುವುದು ತಪ್ಪುತ್ತದೆ. ಆದರೆ ಒಳಮೂಲೆಗಳಿಗೆ ಪುಡಿ ಸರಿಯಾಗಿ ಹತ್ತುವುದಿಲ್ಲವೆಂಬುದು ಈ ಕೆಲಸ ಬಲ್ಲವರಿಗೆಲ್ಲ ಗೊತ್ತು. ವಾಹಕದ ಮೇಲಿನ ಆವೇಶ ಹೊರಮೈಗೆ ಸೇರುತ್ತದೆ, ಒಳಗುಳಿಯಲ್ಲಿ ವಿದ್ಯುತ್ ಕ್ಷೇತ್ರ ಕ್ಷೀಣವಾಗಿರುತ್ತದೆ ಎಂಬುದೇ ಅದಕ್ಕೆ ಕಾರಣ.

ಜಾಬನ್ನು ತೂಗುಹಾಕುವ ಹುಕ್ಕಿನ ಮೇಲೆ ಹಳೆಯ ಬಣ್ಣದ ಪದರ ಬೆಳೆದಿದ್ದರೆ ಜಾಬ್ ಭೂಮಿಯಿಂದ ಬೇರ್ಪಡುತ್ತದೆ. ಆಗ ಲೇಪನ ಕೆಡುವುದಷ್ಟೇ ಅಲ್ಲ, ಪುಡಿಯ ಮೋಡದ ನಡುವೆ ಕಿಡಿ ಹಾರುವ ಸಂಭವವೂ ಇದೆ. ಹುಕ್ಕನ್ನು ಕೆರೆದು ಶುಚಿಗೊಳಿಸುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ.

ಹೊಗೆಯ ಧೂಳನ್ನು ಹಿಡಿಯುವ ಸ್ಥಾಯಿವಿದ್ಯುತ್ ಶೋಧಕಗಳೂ, ಕಚೇರಿಯ ಜೆರಾಕ್ಸ್ ಯಂತ್ರವೂ ಇದೇ ಬಲದಿಂದ ನಡೆಯುತ್ತವೆ.

ಕಿಡಿಯ ಲೆಕ್ಕ

ಈಗ ಪಾಠದ ಮುಖ್ಯಭಾಗಕ್ಕೆ ಬರೋಣ. ಒಂಟಿಯಾಗಿರುವ ವಾಹಕವು ನೀರಿನ ಪಾತ್ರೆಯಂತೆ ಆವೇಶವನ್ನು ಹಿಡಿದಿಡುತ್ತದೆ. ಪ್ರತಿ ವೋಲ್ಟಿಗೆ ಎಷ್ಟು ಆವೇಶ ಹಿಡಿಯುತ್ತದೆಂಬುದನ್ನು ಧಾರಕತೆ ಎನ್ನುತ್ತಾರೆ. ಅದರ ಏಕಮಾನ ಫ್ಯಾರಡ್. ನಿಂತ ಮನುಷ್ಯನ ಧಾರಕತೆ ಸುಮಾರು 100ರಿಂದ 200 ಪಿಕೋಫ್ಯಾರಡ್. ಒಂದು ಪಿಕೋಫ್ಯಾರಡ್ ಎಂದರೆ ಫ್ಯಾರಡ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಶೇಖರವಾದ ಶಕ್ತಿಯನ್ನು ಹೀಗೆ ಲೆಕ್ಕ ಹಾಕಬಹುದು:

ಶಕ್ತಿ (ಜೂಲ್) = ½ × ಧಾರಕತೆ × ವೋಲ್ಟ್ × ವೋಲ್ಟ್

150 ಪಿಕೋಫ್ಯಾರಡ್ ಧಾರಕತೆಯುಳ್ಳ ಕಾರ್ಮಿಕನೊಬ್ಬನು ಒಣ ನೆಲದ ಮೇಲೆ ನಡೆದು 2,000 ವೋಲ್ಟಿಗೆ ಏರಿದ್ದಾನೆಂದು ಇಟ್ಟುಕೊಳ್ಳಿ. ಅವನ ಮೈಮೇಲಿನ ಆವೇಶ ಕೇವಲ 0.3 ಮೈಕ್ರೋಕೂಲಂಬ್, ಶಕ್ತಿಯು 0.3 ಮಿಲಿಜೂಲ್. ಗೋಡೆಯ ಪ್ಲಗ್ಗಿನ 230 ವೋಲ್ಟಿಗೆ ಹೆದರುವ ನಾವು 2,000 ವೋಲ್ಟನ್ನು ಹೊತ್ತು ನಿಶ್ಚಿಂತೆಯಿಂದ ನಡೆಯುವುದು ಸಾಧ್ಯವಾದದ್ದು ಈ ಆವೇಶ ಅಷ್ಟು ಅಲ್ಪವಾದ್ದರಿಂದಲೇ. ಅದು ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತದೆ, ಪ್ಲಗ್ಗಿನ ವಿದ್ಯುತ್ತಿನಂತೆ ಹರಿಯುತ್ತಲೇ ಇರುವುದಿಲ್ಲ.

ದೇಹಕ್ಕೆ ಅಲ್ಪವಾದದ್ದು ಆವಿಗೆ ಅಲ್ಪವಲ್ಲ. ಗಾಳಿಯೊಡನೆ ಸೂಕ್ತ ಪ್ರಮಾಣದಲ್ಲಿ ಬೆರೆತ ಟಾಲುಯೀನ್ ಆವಿಯನ್ನು ಹೊತ್ತಿಸಲು ಸುಮಾರು 0.24 ಮಿಲಿಜೂಲ್ ಸಾಕು. ಜಲಜನಕಕ್ಕೆ ಸುಮಾರು 0.02 ಮಿಲಿಜೂಲ್ ಸಾಕು. ಇನ್ನೊಂದು ಅಂಶವನ್ನು ಇದಕ್ಕೆ ಸೇರಿಸಿಕೊಳ್ಳಿ: ಸ್ಥಾಯಿ ವಿದ್ಯುತ್ತಿನ ಚುರುಕು ಬೆರಳಿಗೆ ತಿಳಿಯಬೇಕಾದರೆ ಸಾಮಾನ್ಯವಾಗಿ ಸುಮಾರು 3,000 ವೋಲ್ಟ್ ಬೇಕಾಗುತ್ತದೆ. ಆದ್ದರಿಂದ 2,000 ವೋಲ್ಟಿನ ಮನುಷ್ಯನಿಗೆ ತನ್ನ ಬೆರಳಿನಿಂದ ಏನಾದರೂ ಹಾರಿತೆಂಬ ಅರಿವೂ ಇರುವುದಿಲ್ಲ. ಆದರೆ ಆವಿಯನ್ನು ಹೊತ್ತಿಸಬಲ್ಲಷ್ಟು ಶಕ್ತಿ ಅವನಲ್ಲಿರುತ್ತದೆ. “ನನಗೆ ಒಮ್ಮೆಯೂ ಶಾಕ್ ಹೊಡೆದಿಲ್ಲ, ಆದ್ದರಿಂದ ಇಲ್ಲಿ ಸ್ಟ್ಯಾಟಿಕ್ ಇಲ್ಲ” ಎಂಬ ಮಾತಿಗೆ ಆಧಾರವಿಲ್ಲವೆಂದು ಈ ಎರಡು ಅಂಕಿಗಳು ಸಿದ್ಧಪಡಿಸುತ್ತವೆ.

ಲೋಹದ ಬಕೆಟ್ಟಿನ ಲೆಕ್ಕವೂ ಹೀಗೆಯೇ. ಅದರ ಧಾರಕತೆ 20 ಪಿಕೋಫ್ಯಾರಡ್, ದ್ರಾವಕ ಸುರಿಯುವಾಗ ಏರಿದ ವಿಭವ 10,000 ವೋಲ್ಟ್ ಎಂದುಕೊಂಡರೆ ಶಕ್ತಿ 1 ಮಿಲಿಜೂಲ್ ಆಗುತ್ತದೆ. ಟಾಲುಯೀನಿಗೆ ಬೇಕಾದುದರ ನಾಲ್ಕು ಪಟ್ಟು ಇದು. ಟಾಲುಯೀನ್ ತನ್ನ ಮೇಲ್ಮೈಯಲ್ಲಿ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಬಿಡತೊಡಗುತ್ತದೆ. ಥಾಣೆಯ ಚಳಿಗಾಲದ ರಾತ್ರಿಯೂ ಅದಕ್ಕಿಂತ ಬೆಚ್ಚಗಿರುತ್ತದೆ. ಆದ್ದರಿಂದ ಇಲ್ಲಿ ಆವಿ ಎಂದೂ ಸಿದ್ಧವಾಗಿಯೇ ಇರುತ್ತದೆ. ಕಾಯುತ್ತಿರುವುದು ಕಿಡಿಗಾಗಿ ಮಾತ್ರ.

ಮಳೆಗಾಲದ ಭ್ರಮೆ

ಬಾಚಣಿಗೆಯ ಪ್ರಯೋಗವನ್ನು ಆಷಾಢದಲ್ಲಿ ಮಾಡಿ ನೋಡಿ, ಕಾಗದದ ಚೂರುಗಳು ಅಲುಗಾಡುವುದೇ ಕಷ್ಟ. ಅದನ್ನೇ ಪುಷ್ಯಮಾಸದ ಮಧ್ಯಾಹ್ನ ಮಾಡಿದರೆ ಅವು ಹಾರಿ ಬಂದು ಅಂಟುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ವಸ್ತುಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ನೀರಿನ ಪದರ ಕೂಡುತ್ತದೆ. ಆವೇಶವು ಅದರ ಮೂಲಕ ಸೋರಿಹೋಗುತ್ತದೆ. ಕಡಲು ಮತ್ತು ಖಾರಿಯ ಮಗ್ಗುಲಲ್ಲಿರುವ ಈ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ರಕ್ಷಣೆ ಬಹುಮಟ್ಟಿಗೆ ಪುಕ್ಕಟೆಯಾಗಿ ದೊರೆಯುತ್ತದೆ.

ಅದನ್ನೇ ನಂಬಿ ಕುಳಿತುಕೊಳ್ಳಬಾರದು. ಚಳಿಗಾಲದ ಒಣ ಹಗಲಿನಲ್ಲಿ ಈ ರಕ್ಷಣೆ ಇಲ್ಲವಾಗುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ಮಳೆಗಾಲದಲ್ಲಿಯೂ ಗಾಳಿ ಒಣಗಿರಬಹುದು. ಇನ್ನು ಕೊಳವೆಯೊಳಗೆ ಹರಿಯುವ ದ್ರಾವಕದ ಆವೇಶಕ್ಕೆ ಹೊರಗಿನ ಗಾಳಿಯ ತೇವದಿಂದ ಯಾವ ಪರಿಹಾರವೂ ಇಲ್ಲ. ನಾಲ್ಕು ತಿಂಗಳು ಏನೂ ಆಗದೆ ನಡೆದ ಕೆಲಸದ ರೀತಿ ಐದನೆಯ ತಿಂಗಳು ಅಪಾಯಕಾರಿಯಾಗಬಹುದು.

ತಡೆಯುವ ಬಗೆ

ಆವೇಶ ಹುಟ್ಟುವುದನ್ನು ಪೂರ್ಣವಾಗಿ ತಡೆಯಲಾಗದು. ಆದರೆ ಅದು ಒಂದೆಡೆ ಸೇರಿ ನಿಲ್ಲದಂತೆ ಮಾಡಬಹುದು. ಅದಕ್ಕೆ ಬೇಕಾದ ಕ್ರಮಗಳು ಸರಳವಾದವು.

1. ಜೋಡಣೆ ಮತ್ತು ಭೂಸಂಪರ್ಕ: ಎರಡು ಲೋಹದ ಪಾತ್ರೆಗಳನ್ನು ತಂತಿಯಿಂದ ಜೋಡಿಸಿದರೆ ಅವುಗಳ ವಿಭವ ಒಂದೇ ಆಗಿ ನಡುವೆ ಕಿಡಿ ಹಾರದು. ಇದು ಬಾಂಡಿಂಗ್. ಆ ಜೋಡಿಯನ್ನು ಭೂಮಿಗೆ ಸೇರಿಸಿದರೆ ಇತರ ಲೋಹಗಳಿಗೂ ಅದಕ್ಕೂ ನಡುವೆ ಕಿಡಿ ಹಾರದು. ಇದು ಅರ್ಥಿಂಗ್. ಎರಡೂ ಬೇಕು. ಡ್ರಮ್ಮಿನ ಬಾಯಿ ತೆರೆಯುವ ಮೊದಲೇ ಕ್ಲಾಂಪ್ ಹಾಕಬೇಕು. ಕೆಲಸ ಮುಗಿಸಿ ಮುಚ್ಚಿದ ಮೇಲೆಯೇ ತೆಗೆಯಬೇಕು. ಕ್ಲಾಂಪಿನ ಹಲ್ಲು ಬಣ್ಣದ ಪದರವನ್ನು ಸೀಳಿ ಲೋಹವನ್ನು ಮುಟ್ಟಿರಬೇಕು.

2. ನಿಧಾನವಾದ ಹರಿವು: ವೇಗ ಹೆಚ್ಚಿದಷ್ಟೂ ಆವೇಶ ಹೆಚ್ಚು. ಕೊಳವೆಯ ತುದಿ ದ್ರವದಲ್ಲಿ ಮುಳುಗುವವರೆಗೆ ಸೆಕೆಂಡಿಗೆ 1 ಮೀಟರಿಗೆ ಮೀರದ ವೇಗದಲ್ಲಿ ತುಂಬುವುದು ರೂಢಿಯ ನಿಯಮ. ಮೇಲಿನಿಂದ ಚಿಮ್ಮಿಸಿ ಸುರಿಯದೆ ಕೊಳವೆಯನ್ನು ತಳದವರೆಗೆ ಇಳಿಸಬೇಕು. ತುಂಬಿದೊಡನೆ ಸ್ಯಾಂಪಲ್ ತೆಗೆಯದೆ, ದ್ರವದಲ್ಲಿನ ಆವೇಶ ಇಳಿಯಲು ಸಮಯ ಕೊಡಬೇಕು.

3. ಪ್ಲಾಸ್ಟಿಕ್ ಪಾತ್ರೆ ವರ್ಜ್ಯ: ಅವಾಹಕಕ್ಕೆ ಕ್ಲಾಂಪ್ ಹಾಕಿದರೂ ಆವೇಶವು ತಂತಿಯವರೆಗೆ ಬರಲಾರದು. ಬೇಗ ಹೊತ್ತಿಕೊಳ್ಳುವ ದ್ರಾವಕಕ್ಕೆ ಸಾಮಾನ್ಯ ಪ್ಲಾಸ್ಟಿಕ್ ಬಕೆಟ್ಟನ್ನಾಗಲಿ, ಪ್ಲಾಸ್ಟಿಕ್ ಹಿಡಿಕೆಯಿಂದ ತೂಗುವ ಲೋಹದ ಬಕೆಟ್ಟನ್ನಾಗಲಿ ಬಳಸಬಾರದು. ದ್ರಾವಕವಿರುವ ಪಾತ್ರೆಗೆ ಪ್ಲಾಸ್ಟಿಕ್ ಚೀಲದಿಂದ ನೇರವಾಗಿ ಪುಡಿ ಸುರಿಯುವುದೂ ಅಪಾಯಕರ.

4. ಮನುಷ್ಯನ ಭೂಸಂಪರ್ಕ: ಆವೇಶ ಸೋರುವ ವಿಶೇಷ ಪಾದರಕ್ಷೆಯನ್ನು ಧರಿಸಬೇಕು, ನೆಲವೂ ಅದಕ್ಕೆ ತಕ್ಕದಾಗಿರಬೇಕು. ಇಂಥ ಪಾದರಕ್ಷೆಯ ರೋಧ ಹತ್ತು ಕೋಟಿ ಓಮ್ ಇದ್ದರೂ ದೇಹದ ಆವೇಶ ಸೆಕೆಂಡಿನ ಅಲ್ಪಭಾಗದಲ್ಲಿ ಇಳಿದುಹೋಗುತ್ತದೆ. ರೋಧವನ್ನು ತೀರಾ ಇಳಿಸದಿರುವುದಕ್ಕೂ ಕಾರಣವಿದೆ: ಅಕಸ್ಮಾತ್ ಮೇನ್ಸ್ ತಂತಿ ತಗುಲಿದರೆ ಅದೇ ರೋಧ ಪ್ರಾಣ ಉಳಿಸುತ್ತದೆ. ಆವಿ ಇರುವ ಜಾಗದಲ್ಲಿ ನೈಲಾನ್, ಟೆರಿಲಿನ್ ಮೇಲಂಗಿಯನ್ನು ಕಳಚಬಾರದು.

5. ಗಾಳಿಯಾಟ: ಆವಿ ಒಂದೆಡೆ ಮಡುಗಟ್ಟದಿದ್ದರೆ ಕಿಡಿ ಹಾರಿದರೂ ಹೊತ್ತಿಸಲು ಏನೂ ಇರುವುದಿಲ್ಲ.

ಸುಡಬಲ್ಲ ಧೂಳು ಹಾಗೂ ಆವಿ ಇರುವ ಕಡೆ ಕಿಡಿಯ ಎಲ್ಲ ಮೂಲಗಳನ್ನೂ ದೂರವಿಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 37ನೆಯ ಪ್ರಕರಣದಲ್ಲಿಯೇ ವಿಧಿಸಲಾಗಿತ್ತು. 1966ರ ಮಾರ್ಚ್ 4ರಂದು ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಕೇಂದ್ರ ಕಚೇರಿ ನವಿ ಮುಂಬಯಿಯ ಬೇಲಾಪುರದಲ್ಲಿದೆ. ಕೇಂದ್ರ ಕಾರ್ಮಿಕ ಸಂಸ್ಥೆಯು ಮುಂಬಯಿಯ ಸಯನ್‌ನಲ್ಲಿದೆ. ಸುರಕ್ಷತೆಯ ತರಬೇತಿಗೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳು ದೂರ ಹೋಗಬೇಕಾಗಿಲ್ಲ. ಕ್ಲಾಂಪನ್ನೂ ತಂತಿಯನ್ನೂ ಒದಗಿಸಿ, ಅವು ಸರಿಯಾಗಿವೆಯೆಂದು ಪರೀಕ್ಷಿಸುವ ಹೊಣೆ ಆಡಳಿತದ್ದು. ಅವುಗಳನ್ನು ಪ್ರತಿಸಲ ತಪ್ಪದೆ ಬಳಸುವ ಹೊಣೆ ಕೆಲಸಗಾರನದು.

ನೆನಪಿಡಬೇಕಾದ ಅಂಶಗಳು

• ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ವಿಜಾತೀಯ ಆವೇಶಗಳು ಆಕರ್ಷಿಸುತ್ತವೆ.
• ದೂರ ಎರಡು ಪಟ್ಟಾದರೆ ಬಲ ಕಾಲುಭಾಗವಾಗುತ್ತದೆ.
• ಆವೇಶ ಸೃಷ್ಟಿಯಾಗುವುದಿಲ್ಲ, ಬೇರ್ಪಡುತ್ತದೆ ಅಷ್ಟೆ.
• ಭೂಮಿಯಿಂದ ಬೇರ್ಪಟ್ಟ ವಾಹಕ ಅತ್ಯಂತ ಅಪಾಯಕಾರಿ.
• ಬೆರಳಿಗೆ ತಿಳಿಯದ ಕಿಡಿಯೂ ಆವಿಯನ್ನು ಹೊತ್ತಿಸಬಲ್ಲದು.

ಅಭ್ಯಾಸ

1. ಎರಡು ಆವೇಶಗಳ ನಡುವಣ ದೂರವನ್ನು ಮೂರು ಪಟ್ಟು ಹೆಚ್ಚಿಸಿದರೆ ಬಲ ಎಷ್ಟಾಗುತ್ತದೆ?
2. 150 ಪಿಕೋಫ್ಯಾರಡ್ ಧಾರಕತೆಯ ವ್ಯಕ್ತಿ 3,000 ವೋಲ್ಟಿಗೆ ಏರಿದಾಗ ಅವನಲ್ಲಿರುವ ಶಕ್ತಿ ಎಷ್ಟು? ಅದು ಟಾಲುಯೀನ್ ಆವಿಯನ್ನು ಹೊತ್ತಿಸಲು ಸಾಕೆ?
3. ಎರಡು ಡ್ರಮ್ಮುಗಳನ್ನು ಪರಸ್ಪರ ಜೋಡಿಸಿ ಭೂಮಿಗೆ ಸೇರಿಸದೆ ಬಿಟ್ಟರೆ ಉಳಿಯುವ ಅಪಾಯ ಯಾವುದು?

ಉತ್ತರ: 1. ಒಂಬತ್ತರಲ್ಲಿ ಒಂದು ಪಾಲು. 2. ಸುಮಾರು 0.68 ಮಿಲಿಜೂಲ್, ಧಾರಾಳವಾಗಿ ಸಾಕು. 3. ಡ್ರಮ್ಮುಗಳ ನಡುವೆ ಕಿಡಿ ಹಾರದಿದ್ದರೂ, ಅವುಗಳಿಂದ ಭೂಸಂಪರ್ಕವಿರುವ ಬೇರೆ ಲೋಹಕ್ಕೆ ಅಥವಾ ಬಳಿ ಬಂದ ಮನುಷ್ಯನಿಗೆ ಕಿಡಿ ಹಾರಬಹುದು.